ಗೋಲಿನ ಹಿಂದಿನ ಕುರ್ಚಿ

ಗೋಲಿನ ಹಿಂಭಾಗದ, ಅದೂ ಮೇಲಿನ ಅಂತಸ್ತಿನ ಆ ಜಾಗವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಟಿಕೆಟ್ ಕೊಳ್ಳಲು ಕುಳಿತಾಗ ಅಂಗಣದ ಉದ್ದಕ್ಕೂ ಇರುವ ಆಸನಗಳೆಲ್ಲ ಮುಗಿದುಹೋಗಿದ್ದವು. ನಕ್ಷೆಯಲ್ಲಿ ಎರಡು ಕೊನೆಗಳ ಎತ್ತರದಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಮಾತ್ರ ಉಳಿದಿತ್ತು. ಹ್ಯಾಂಡ್‌ಬಾಲ್ ಪಂದ್ಯವೊಂದನ್ನು ಒಮ್ಮೆಯೂ ಪೂರ್ತಿಯಾಗಿ ನೋಡಿರದವನಿಗೆ ಎಲ್ಲಿ ಕೂತರೇನು ಎಂದುಕೊಂಡು, ಆದರೂ ಮನಸ್ಸಿನಲ್ಲಿ ಸ್ವಲ್ಪ ಅಸಮಾಧಾನವನ್ನು ಇಟ್ಟುಕೊಂಡೇ, ಆ ಚುಕ್ಕೆಗಳಲ್ಲೊಂದನ್ನು ಒತ್ತಿದೆ.

ಪಂದ್ಯ ಇದ್ದದ್ದು ಜರ್ಮನಿಯ ಡ್ಯುಸೆಲ್‌ಡಾರ್ಫ್‌ನಲ್ಲಿ, 2024ರ ಜನವರಿ 10ರಂದು. ಪುರುಷರ ಯುರೋಪಿಯನ್ ಹ್ಯಾಂಡ್‌ಬಾಲ್ ಚಾಂಪಿಯನ್‌ಶಿಪ್‌ನ ಮೊದಲ ದಿನವಾದ ಅಂದು ಮೊದಲು ಫ್ರಾನ್ಸ್ ಮತ್ತು ಉತ್ತರ ಮ್ಯಾಸಿಡೋನಿಯ, ಆಮೇಲೆ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಎದುರುಬದುರಾಗುವುದಿತ್ತು. ಒಂದೇ ಟಿಕೆಟ್ಟಿಗೆ ಎರಡೂ ಪಂದ್ಯ. ಆದರೆ ಆ ಸಂಜೆಯ ವಿಶೇಷ ತಂಡಗಳಿಗಿಂತ ಹೆಚ್ಚಾಗಿ ಜಾಗಕ್ಕೆ ಸಂಬಂಧಿಸಿದ್ದು. ಸಾಧಾರಣವಾಗಿ ಕೆಲವು ಸಾವಿರ, ಹೆಚ್ಚೆಂದರೆ ಇಪ್ಪತ್ತು ಸಾವಿರ ಜನ ಹಿಡಿಸುವ ಒಳಾಂಗಣಗಳಲ್ಲಿ ನಡೆಯುವ ಈ ಆಟವನ್ನು ಮುಚ್ಚಬಹುದಾದ ಛಾವಣಿಯಿರುವ ಫುಟ್‌ಬಾಲ್ ಕ್ರೀಡಾಂಗಣವಾದ ಮೆರ್ಕುರ್ ಶ್ಪೀಲ್ ಅರೇನಾಕ್ಕೆ ತಂದಿದ್ದರು. ಹುಲ್ಲಿನ ಜಾಗದ ನಡುವೆ ಹ್ಯಾಂಡ್‌ಬಾಲ್‌ನ 40 ಮೀಟರ್ ಉದ್ದ, 20 ಮೀಟರ್ ಅಗಲದ ನೆಲ. ಫುಟ್‌ಬಾಲ್ ಅಂಗಣದ ಸುಮಾರು ಒಂಬತ್ತನೇ ಒಂದು ಭಾಗವಷ್ಟೇ ಇರುವ ಆ ನೆಲ ಮೇಲಿನಿಂದ ನೋಡುವವನಿಗೆ ದೊಡ್ಡ ಹಜಾರದ ನಡುವೆ ಹಾಸಿಟ್ಟ ಚಾಪೆಯಂತೆ ಕಾಣುತ್ತಿತ್ತು.

ಅಂದು ಸೇರಿದ್ದ ಪ್ರೇಕ್ಷಕರ ಸಂಖ್ಯೆ 53,586 ಎಂದು ಪರದೆಯ ಮೇಲೆ ಮೂಡಿದಾಗ ಎಲ್ಲರೂ ಎದ್ದು ನಿಂತು ತಮಗೆ ತಾವೇ ಚಪ್ಪಾಳೆ ಹೊಡೆದುಕೊಂಡರು. ಒಳಾಂಗಣ ಹ್ಯಾಂಡ್‌ಬಾಲ್‌ನ ಮಟ್ಟಿಗೆ ಅದು ವಿಶ್ವದಾಖಲೆ. ಅದಕ್ಕೆ ಹಿಂದಿನ ದಾಖಲೆಯೂ ಜರ್ಮನಿಯದ್ದೇ: 2014ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ರೈನ್-ನೆಕಾರ್ ಲೋವೆನ್ ಮತ್ತು ಹ್ಯಾಂಬರ್ಗ್ ಕ್ಲಬ್ಬುಗಳ ಪಂದ್ಯಕ್ಕೆ 44,189 ಜನ ಬಂದಿದ್ದರು. ಬಯಲಿನ ಲೆಕ್ಕ ಬೇರೆ. ಹನ್ನೊಂದು ಜನರ ತಂಡಗಳು ಹುಲ್ಲಿನ ಮೇಲೆ ಆಡುತ್ತಿದ್ದ ಹಳೆಯ ಹ್ಯಾಂಡ್‌ಬಾಲ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿತ್ತು. ಇಂದಿನ ಏಳು ಜನರ ಒಳಾಂಗಣದ ಆಟ ಒಲಿಂಪಿಕ್ಸ್‌ಗೆ ಬಂದದ್ದು 1972ರ ಮ್ಯೂನಿಕ್‌ನಲ್ಲಿ. ಎರಡು ಬಾರಿಯೂ ಆತಿಥೇಯ ಜರ್ಮನಿಯೇ ಎಂಬುದನ್ನು ಗಮನಿಸಿದರೆ, ಚಾಪೆಯಷ್ಟು ಜಾಗದ ಆಟಕ್ಕೆ ಇಷ್ಟು ಜನ ಏಕೆ ಬಂದರೆಂಬುದು ಸ್ವಲ್ಪ ಅರ್ಥವಾಗುತ್ತದೆ.

ಬಂದವರು ಸುಲಭವಾಗಿ ಬಂದವರೂ ಅಲ್ಲ. ಅದೇ ದಿನ ಬೆಳಗಿನ ಜಾವದಿಂದ ದೇಶದಾದ್ಯಂತ ರೈಲು ಚಾಲಕರ ಮುಷ್ಕರ ಆರಂಭವಾಗಿತ್ತು. ಕೆಲಸದ ಮೇಲೆ ಫ್ರಾಂಕ್‌ಫರ್ಟ್‌ನಲ್ಲಿದ್ದ ನಾನು ಸುದ್ದಿ ತಿಳಿದು ಹಿಂದಿನ ಸಂಜೆಯೇ ಹೊರಟುಬಂದಿದ್ದೆ. ಊರೊಳಗಿನ ಟ್ರಾಮುಗಳು ಮುಷ್ಕರದಿಂದ ಹೊರಗಿದ್ದದ್ದರಿಂದ ಮುಖ್ಯ ನಿಲ್ದಾಣದಿಂದ ಯು78 ಹತ್ತಿದರೆ ಕ್ರೀಡಾಂಗಣದ ಬುಡದಲ್ಲೇ ಇಳಿಯಬಹುದಿತ್ತು; ಹತ್ತುವುದೇ ಸಾಹಸವಾಯಿತು ಎನ್ನುವುದು ಬೇರೆ ಮಾತು. ಹೊರಗೆ ಕಿವಿ ಮರಗಟ್ಟುವ ಚಳಿ. ದ್ವಾರದಲ್ಲಿ ನನ್ನ ಬೆನ್ನಚೀಲ ನಿಗದಿತ ಅಳತೆಗಿಂತ ದೊಡ್ಡದೆಂದು ಹಿಂದಕ್ಕೆ ಕಳುಹಿಸಿದರು. ಟಿಕೆಟ್ಟಿನ ಷರತ್ತುಗಳನ್ನು ಓದದೆ ಬಂದ ತಪ್ಪು ನನ್ನದೇ ಆದ್ದರಿಂದ ಯಾರನ್ನೂ ದೂರದೆ, ಚೀಲ ಇಟ್ಟುಕೊಳ್ಳುವ ಡೇರೆಯ ಮುಂದಿನ ಸಾಲಿನಲ್ಲಿ ನಿಂತು, ಮೊದಲ ಪಂದ್ಯದ ರಾಷ್ಟ್ರಗೀತೆಗಳನ್ನು ಗೋಡೆಯ ಆಚೆಯಿಂದ ಕೇಳಿದೆ.

ನನ್ನ ಎಡಕ್ಕೆ ಕುಳಿತಿದ್ದವನು ಕೆಂಪು ನೆಲದ ಮೇಲೆ ಹಳದಿ ಸೂರ್ಯನಿರುವ ಬಾವುಟವನ್ನು ಶಾಲಿನಂತೆ ಹೊದ್ದಿದ್ದ ಒಬ್ಬ ತರುಣ. ಮ್ಯಾಸಿಡೋನಿಯದವನು, ಈಗ ಜರ್ಮನಿಯಲ್ಲೇ ದುಡಿಯುತ್ತಿರುವವನು. ಬಲಕ್ಕೆ ಎಪ್ಪತ್ತರ ಆಸುಪಾಸಿನ ಒಬ್ಬ ಜರ್ಮನ್ ಹಿರಿಯರು, ಜೊತೆಗೆ ಅವರ ಮೊಮ್ಮಗಳು. ಹಿರಿಯರು ತಮ್ಮ ಹಳ್ಳಿಯ ಕ್ಲಬ್ಬಿಗೆ ಇಪ್ಪತ್ತು ವರ್ಷ ಆಡಿದ್ದವರು ಎಂಬುದು ಆಮೇಲೆ ತಿಳಿಯಿತು. ನಾನು ಕುಳಿತ ಐದು ನಿಮಿಷಕ್ಕೇ ಅವರು ಕೇಳಿದ ಪ್ರಶ್ನೆ, "ನಿಮ್ಮ ದೇಶದಲ್ಲಿ ಹ್ಯಾಂಡ್‌ಬಾಲ್ ಆಡುತ್ತಾರೆಯೇ?" ಎಂದು. ಆಡುತ್ತಾರೆ, ಆದರೆ ನಾನು ನೋಡಿಲ್ಲ ಎಂದೆ. ಅವರು ಅದನ್ನು ಒಂದು ಸವಾಲಿನಂತೆ ತೆಗೆದುಕೊಂಡರೆಂದು ಕಾಣುತ್ತದೆ.

ಮೊದಲ ಇಪ್ಪತ್ತು ನಿಮಿಷ ನಾನು ನಿಜಕ್ಕೂ ಏನನ್ನೂ ನೋಡಲಿಲ್ಲ. ಚೆಂಡನ್ನು ಹಿಂಬಾಲಿಸುತ್ತಿದ್ದೆ, ಅಷ್ಟೇ. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಒಂದು ಅಭ್ಯಾಸವಿದೆ: ಒಂದು ಎಸೆತ ಮುಗಿದ ಮೇಲೆ ಅದನ್ನು ನೆನೆಯಲು, ಪಕ್ಕದವನೊಂದಿಗೆ ತಕರಾರು ಮಾಡಲು, ಬೇಕಾದರೆ ಕಡಲೆಕಾಯಿ ಸುಲಿಯಲು ಸಮಯ ಸಿಗುತ್ತದೆ. ಇಲ್ಲಿ ಗೋಲಾದ ಮರುಕ್ಷಣವೇ ಗೋಲು ಬಿಟ್ಟುಕೊಟ್ಟ ತಂಡ ಚೆಂಡನ್ನು ನಡುವಿನ ವೃತ್ತಕ್ಕೆ ಎಸೆದು ಆಟ ಮುಂದುವರಿಸುತ್ತದೆ. ನಾನು ಅಂಕಗಳ ಫಲಕದತ್ತ ಕತ್ತೆತ್ತಿ ಮತ್ತೆ ಕೆಳಗೆ ನೋಡುವಷ್ಟರಲ್ಲಿ ಎದುರು ಬದಿಯಲ್ಲಿ ಇನ್ನೊಂದು ಗೋಲಾಗಿರುತ್ತಿತ್ತು. ಫ್ರಾನ್ಸ್ 39–29ರಿಂದ ಗೆದ್ದ ಆ ಪಂದ್ಯದ 68 ಗೋಲುಗಳಲ್ಲಿ ಮೊದಲ ಹದಿನೈದನ್ನೋ ಇಪ್ಪತ್ತನ್ನೋ ನಾನು ಹೀಗೆ ಕಳೆದುಕೊಂಡೆ. ಎಡಗಡೆಯ ತರುಣ ತನ್ನವರ ಪ್ರತಿ ಗೋಲಿಗೂ ಹಾರುತ್ತಿದ್ದ, ಫ್ರಾನ್ಸಿನ ಪ್ರತಿ ಗೋಲಿಗೂ ತಲೆಯ ಮೇಲೆ ಬಾವುಟ ಎಳೆದುಕೊಳ್ಳುತ್ತಿದ್ದ. ಅವನ ತಂಡದ ಬೆಂಚಿನಲ್ಲಿ ತರಬೇತುದಾರನಾಗಿ ನಿಂತಿದ್ದವನು ಕಿರಿಲ್ ಲಾಜರೊವ್. ಆಡುವ ಕಾಲದಲ್ಲಿ ರಾಶಿ ರಾಶಿ ಗೋಲು ಹೊಡೆದವನು. "ಅವನನ್ನೇ ಒಳಕ್ಕೆ ಇಳಿಸಬೇಕು" ಎಂದು ತರುಣ ನನ್ನ ಕಿವಿಯಲ್ಲಿ ಕೂಗಿದ. ತಮಾಷೆಗೆ ಹೇಳಿದ್ದಲ್ಲ.

ಹಿರಿಯರು ನನ್ನ ಕತ್ತು ಆಡುವುದನ್ನು ಗಮನಿಸಿರಬೇಕು. "ಚೆಂಡನ್ನು ನೋಡಬೇಡಿ" ಎಂದರು. "ಅದು ಎಲ್ಲಿಗೂ ಹೋಗುವುದಿಲ್ಲ, ತಾನಾಗಿ ಬರುತ್ತದೆ. ಗೆರೆಯ ಮೇಲೆ ನಿಂತಿರುವ ಆ ದಪ್ಪ ಮನುಷ್ಯನನ್ನು ನೋಡಿ." ಅವರು ಬಳಸಿದ ಪದ ಕ್ರೈಸ್‌ಲಾಯ್ಫರ್: ವೃತ್ತದ ಅಂಚಿನಲ್ಲಿ ಓಡುವವನು. ಬೇರೆಡೆ ಪಿವಟ್ ಎನ್ನುತ್ತಾರೆ.

ಇಲ್ಲಿಂದ ಮುಂದೆ ನನ್ನ ಕುರ್ಚಿ ಕೆಟ್ಟ ಕುರ್ಚಿಯಾಗಿ ಉಳಿಯಲಿಲ್ಲ. ಹ್ಯಾಂಡ್‌ಬಾಲ್‌ನ ವ್ಯಾಕರಣವೆಲ್ಲ ಗೋಲಿನಿಂದ ಆರು ಮೀಟರ್ ದೂರದಲ್ಲಿ ಬಾಗಿರುವ ಒಂದು ಗೆರೆಯಲ್ಲಿದೆ. ಅದರೊಳಗೆ ನೆಲ ಮುಟ್ಟುವ ಹಕ್ಕು ಗೋಲ್‌ಕೀಪರ್ ಒಬ್ಬನಿಗೆ ಮಾತ್ರ. ದಾಳಿಯವನು ಗೆರೆಯ ಹೊರಗಿನಿಂದ ಹಾರಿ, ಗಾಳಿಯಲ್ಲಿರುವಾಗಲೇ ಚೆಂಡನ್ನು ಎಸೆದು, ಆಮೇಲೆ ಒಳಗೆ ಬೀಳಬಹುದು. ಹಾಗಾಗಿ ಕಾಯುವ ತಂಡದ ಆರು ಜನ ಈ ಗೆರೆಯುದ್ದಕ್ಕೂ ಬೇಲಿ ಹಾಕಿದಂತೆ ನಿಲ್ಲುತ್ತಾರೆ. ಎದುರಾಳಿಯ ಪಿವಟ್ ಆ ಬೇಲಿಯ ನಡುವೆಯೇ, ಗೋಲಿಗೆ ಬೆನ್ನು ಮಾಡಿ, ಇಬ್ಬರ ನಡುವೆ ತನ್ನನ್ನು ತುರುಕಿಕೊಂಡು ನಿಲ್ಲುತ್ತಾನೆ. ಅಂಗಣದ ಬದಿಯಿಂದ ನೋಡಿದರೆ ಈ ಏಳು ದೇಹಗಳು ಒಂದರ ಹಿಂದೊಂದು ಸೇರಿ ಒಂದೇ ಗುಂಪಾಗಿ ಕಾಣುತ್ತವೆ. ಗೋಲಿನ ಹಿಂದೆ, ಎತ್ತರದಲ್ಲಿ ಕುಳಿತವನಿಗಾದರೋ ಬೇಲಿಯ ಪ್ರತಿ ಕಂಬದ ನಡುವಿನ ಸಂದೂ ಕಾಣುತ್ತದೆ. ಚೆಂಡು ಎಡದಿಂದ ಬಲಕ್ಕೆ ಕೈಯಿಂದ ಕೈಗೆ ಸಾಗಿದಂತೆ ಬೇಲಿಯೂ ಬಲಕ್ಕೆ ವಾಲುತ್ತದೆ. ವಾಲುವಾಗ ಎಲ್ಲೋ ಒಬ್ಬ ಅರ್ಧ ಹೆಜ್ಜೆ ತಡ ಮಾಡುತ್ತಾನೆ. ಪಿವಟ್ ಕಾಯುತ್ತಿರುವುದು ಆ ಅರ್ಧ ಹೆಜ್ಜೆಗೇ. ಅವನು ಚೆಂಡನ್ನು ಮುಟ್ಟಲೇಬೇಕೆಂದಿಲ್ಲ. ತಡ ಮಾಡಿದವನಿಗೆ ತನ್ನ ಸೊಂಟವನ್ನು ಅಡ್ಡವಿಟ್ಟು ನಿಂತರೆ ಸಾಕು, ಒಂಬತ್ತು ಮೀಟರಿನಿಂದ ಓಡಿ ಬಂದವನಿಗೆ ದಾರಿ ತೆರೆಯುತ್ತದೆ. ಫ್ರಾನ್ಸ್ ಹೀಗೆ ತೆರೆದ ದಾರಿಗಳನ್ನು ಎಣಿಸುತ್ತ ಹೋದಂತೆ, ಗೋಲಾಗುವುದಕ್ಕೆ ಒಂದು ಕ್ಷಣ ಮೊದಲೇ ಹಿರಿಯರ ಬಾಯಿಂದ "ಆಂ" ಎಂಬ ಸಣ್ಣ ಸದ್ದು ಹೊರಡುತ್ತಿದ್ದುದು ಏಕೆಂದು ನನಗೆ ಹೊಳೆಯಿತು. ಮೊದಲಾರ್ಧ ಮುಗಿಯುವ ಹೊತ್ತಿಗೆ ಒಮ್ಮೆ ನನ್ನ ಬಾಯಿಂದಲೂ ಅದೇ ಸದ್ದು ಹೊರಟಿತು. ಗೋಲು ಆಗಲಿಲ್ಲ, ಆದರೆ ಹಿರಿಯರು ತಲೆಯಾಡಿಸಿದರು.

ಹೊರಗಿನಿಂದ ಬಂದವನಿಗೆ ಇನ್ನೊಂದು ಗೊಂದಲ ಫೌಲುಗಳದ್ದು. ಪ್ರತಿ ಅರ್ಧ ನಿಮಿಷಕ್ಕೆ ಯಾರೋ ಯಾರನ್ನೋ ತಬ್ಬಿ ನಿಲ್ಲಿಸುತ್ತಾರೆ, ಶಿಳ್ಳೆ ಊದುತ್ತದೆ, ಇಬ್ಬರೂ ಏನೂ ಆಗಿಲ್ಲವೆಂಬಂತೆ ಬಿಡಿಸಿಕೊಂಡು ಮತ್ತೆ ಆಡುತ್ತಾರೆ. ಇಷ್ಟೊಂದು ತಪ್ಪು ಮಾಡಿದರೂ ಶಿಕ್ಷೆಯಿಲ್ಲವೇ ಎಂದು ಕೇಳಿದೆ. "ಅದು ತಪ್ಪಲ್ಲ, ಅದು ಅವರ ಕೆಲಸ" ಎಂಬುದು ಹಿರಿಯರ ಉತ್ತರ. ಎದುರಿನಿಂದ ಎದೆಕೊಟ್ಟು, ಮಡಿಸಿದ ತೋಳುಗಳಿಂದ ತಡೆಯಬಹುದು. ಬದಿಯಿಂದಲೋ ಹಿಂದಿನಿಂದಲೋ ಎಳೆದರೆ, ಹಾರಿದವನನ್ನು ಗಾಳಿಯಲ್ಲಿ ತಳ್ಳಿದರೆ ಎರಡು ನಿಮಿಷ ಹೊರಗೆ ಕೂರಬೇಕು, ತಂಡ ಒಬ್ಬ ಕಡಿಮೆಯಾಗಿ ಆಡಬೇಕು. ಅದೇ ಮನುಷ್ಯ ಮೂರನೆಯ ಸಲ ಹೊರಬಿದ್ದರೆ ಕೆಂಪು ಕಾರ್ಡ್, ಮರಳಿ ಬರುವಂತಿಲ್ಲ. ಇಷ್ಟರಲ್ಲಿ ರೆಫರಿಯೊಬ್ಬ ಆಟ ನಿಲ್ಲಿಸದೆ ಸುಮ್ಮನೆ ಒಂದು ಕೈ ಎತ್ತಿದ, ಐವತ್ತು ಸಾವಿರ ಜನ ಒಮ್ಮೆಲೇ ಗದ್ದಲ ಮಾಡಿದರು. ನನಗೆ ಕಂಡಂತೆ ಅಲ್ಲಿ ಏನೂ ನಡೆದಿರಲಿಲ್ಲ. ಏನೂ ನಡೆಯದಿರುವುದೇ ಕಾರಣ: ಗೋಲಿಗೆ ಪ್ರಯತ್ನಿಸದೆ ಚೆಂಡನ್ನು ಇಟ್ಟುಕೊಂಡು ಕಾಲ ಕಳೆಯುವ ತಂಡಕ್ಕೆ ಅದು ಎಚ್ಚರಿಕೆ. ಆ ಕೈ ಮೇಲೆದ್ದ ನಂತರ ನಾಲ್ಕು ಪಾಸುಗಳೊಳಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ. ಮೊದಲು ಆರು ಪಾಸುಗಳ ಅವಕಾಶವಿತ್ತಂತೆ, 2022ರಲ್ಲಿ ನಾಲ್ಕಕ್ಕೆ ಇಳಿಸಿದರು. ಹಿರಿಯರ ಮೊಮ್ಮಗಳು ಆ ಪಾಸುಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದಳು. ನಾಲ್ಕನೆಯ ಬೆರಳು ಮಡಿಸಿದಾಗ ಅವಳ ಮುಖದಲ್ಲಿ ಪರೀಕ್ಷೆಯ ಗಂಟೆ ಬಾರಿಸುವ ಮೇಷ್ಟರ ಕಳೆಯಿತ್ತು.

ಮೇಲಿನ ಅಂತಸ್ತಿನಿಂದ ಕಾಣದೆ ಹೋದದ್ದನ್ನು ದೊಡ್ಡ ಪರದೆ ತೋರಿಸುತ್ತಿತ್ತು. ಅದರಲ್ಲಿ ಒಮ್ಮೆ ಫ್ರಾನ್ಸಿನ ಆಟಗಾರನೊಬ್ಬ ದಾಳಿಗೆ ಹೋಗುವ ಮುನ್ನ ಬಾಗಿ ತನ್ನ ಬೂಟಿನ ಹಿಮ್ಮಡಿಯನ್ನು ಬೆರಳುಗಳಿಂದ ಸವರಿಕೊಂಡ. ಲೇಸು ಸರಿಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ಅಲ್ಲ, ಅಲ್ಲಿ ಅಂಟು ಮೆತ್ತಿಟ್ಟುಕೊಂಡಿರುತ್ತಾರೆ. ಅರ್ಧ ಕಿಲೋ ಹತ್ತಿರ ತೂಗುವ ಚೆಂಡು ಒಂದೇ ಕೈಯ ಹಿಡಿತಕ್ಕೆ ಸಿಗಬೇಕೆಂದರೆ, ಎಸೆದಂತೆ ತೋರಿಸಿ ಎಸೆಯದೆ ಉಳಿಸಿಕೊಳ್ಳಬೇಕೆಂದರೆ, ಮೇಣದಂಥ ಆ ಅಂಟು ಬೇಕು. ಹಿರಿಯರು ತಮ್ಮ ಬಲಗೈ ಬೆರಳುಗಳನ್ನು ನನ್ನ ಮುಂದೆ ಒಂದಕ್ಕೊಂದು ಒತ್ತಿ ಬಿಡಿಸಿ ತೋರಿಸಿದರು, ಐವತ್ತು ವರ್ಷಗಳ ಹಿಂದಿನ ಅಂಟು ಇನ್ನೂ ಅಲ್ಲಿದೆ ಎಂಬಂತೆ. ಅವರ ಹೆಂಡತಿಗೆ ಆಗ ಇದ್ದ ಏಕೈಕ ದೂರು ಮನೆಯ ಬಾಗಿಲ ಹಿಡಿಗಳದ್ದಂತೆ.

ಎರಡನೆಯ ಪಂದ್ಯದ ಹೊತ್ತಿಗೆ ಕ್ರೀಡಾಂಗಣದ ಸ್ವಭಾವವೇ ಬದಲಾಯಿತು. ಮ್ಯಾಸಿಡೋನಿಯದ ತರುಣ ಸೋತ ಬೇಸರದಲ್ಲಿಯೂ ಎದ್ದು ಹೋಗದೆ ಕುಳಿತಿದ್ದ; ಉಳಿದವರೆಲ್ಲ ಮಡಿಸಿದ ರಟ್ಟಿನ ಪಟ್ಟಿಗಳನ್ನು ಕೈಗೆ ಬಡಿದುಕೊಳ್ಳುತ್ತ ಲಯ ಹಿಡಿದರು. ತಂಡದ ಪರಿಚಯದಲ್ಲಿ ನಿರೂಪಕ ಆಟಗಾರನ ಮೊದಲ ಹೆಸರನ್ನಷ್ಟೇ ಹೇಳಿ ನಿಲ್ಲಿಸುತ್ತಾನೆ, ಮನೆತನದ ಹೆಸರನ್ನು ಜನ ಕೂಗಬೇಕು. ಹೊರಗಿನವನಾಗಿರುವುದು ಎಂದರೇನೆಂದು ತಿಳಿಯಬೇಕಾದರೆ ಐವತ್ತು ಸಾವಿರ ಜನಕ್ಕೆ ಗೊತ್ತಿರುವ ಅರ್ಧ ಹೆಸರು ನಿಮಗೊಬ್ಬರಿಗೇ ಗೊತ್ತಿಲ್ಲದೆ ನಿಲ್ಲಬೇಕು. ಯೊಹಾನಸ್ ಎಂದಾಗ ಅವರು ಗೊಲ್ಲಾ ಎಂದರು. ನಾಯಕ, ನಾನು ನೋಡಬೇಕಾದ ಪಿವಟ್ ಇವನೇ ಎಂದು ಹಿರಿಯರು ಭುಜ ತಟ್ಟಿದರು. ಸ್ವಿಸ್ ಹೆಸರುಗಳಲ್ಲಿ ಆಂಡಿ ಶ್ಮಿಡ್ ಎಂಬ ಹೆಸರು ಬಂದಾಗ ಅವರು ರಟ್ಟನ್ನು ತೊಡೆಯ ಮೇಲಿಟ್ಟು ಬರಿಗೈಯಲ್ಲಿ ಚಪ್ಪಾಳೆ ಹೊಡೆದರು. ನಲವತ್ತು ವರ್ಷದ ಆ ಆಟಗಾರ ಹನ್ನೆರಡು ವರ್ಷ ಜರ್ಮನಿಯ ಲೀಗ್‌ನಲ್ಲಿ, ರೈನ್-ನೆಕಾರ್ ಲೋವೆನ್ ತಂಡದಲ್ಲಿ ಆಡಿದವನು, ಅದಕ್ಕೆ 2016 ಮತ್ತು 2017ರಲ್ಲಿ ಪ್ರಶಸ್ತಿ ತಂದುಕೊಟ್ಟವನು. ಈ ಟೂರ್ನಿಯೇ ಅವನ ಕೊನೆಯದು. "ಎದುರಾಳಿಗೂ ಚಪ್ಪಾಳೆಯೇ?" ಎಂದದ್ದಕ್ಕೆ, "ಅವನು ಅರ್ಧ ನಮ್ಮವನು" ಎಂದರು.

ಅಂದಿನ ರಾತ್ರಿ ಮಾತ್ರ ಗೋಲ್‌ಕೀಪರ್ ಆಂಡ್ರೆಯಾಸ್ ವೋಲ್ಫ್‌ನದ್ದು. 1.98 ಮೀಟರ್ ಎತ್ತರದ ಈ ಮನುಷ್ಯ 2016ರಲ್ಲಿ ಜರ್ಮನಿ ಇದೇ ಪ್ರಶಸ್ತಿ ಗೆದ್ದಾಗ ಫೈನಲ್‌ನಲ್ಲಿ ಸ್ಪೇನ್ ತಂಡವನ್ನು 17 ಗೋಲುಗಳಿಗೆ ಕಟ್ಟಿಹಾಕಿದವನು. ಹಿಂದಿನ ವರ್ಷ ಬೆನ್ನಿನ ತೊಂದರೆಯಿಂದ ತಿಂಗಳುಗಟ್ಟಲೆ ಆಡದೆ ಇದ್ದವನು. ಮೊದಲಾರ್ಧದಲ್ಲಿ ಅವನು ನಮ್ಮ ಬದಿಯ ಗೋಲಿನಲ್ಲಿದ್ದ, ಹಾಗಾಗಿ ನನಗೆ ಕಂಡದ್ದು ಅವನ ಬೆನ್ನು. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಚೌಕಟ್ಟು. ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುವ ಚೆಂಡು. ಎಸೆಯುವವನು ಬಹಳ ಸಲ ಆರೇಳು ಮೀಟರ್ ಹತ್ತಿರದಲ್ಲಿರುತ್ತಾನೆ. ನೋಡಿ ತಡೆಯಲು ಅಲ್ಲಿ ಕಾಲವೇ ಇಲ್ಲ; ಮೂರು ಎಸೆತಗಳಲ್ಲಿ ಒಂದನ್ನು ತಡೆದರೆ ಕೀಪರ್‌ಗೆ ಅದು ಒಳ್ಳೆಯ ದಿನವೆಂದು ಲೆಕ್ಕ. ವೋಲ್ಫ್ ಅಂದು ಅರ್ಧಕ್ಕಿಂತ ಹೆಚ್ಚನ್ನು ತಡೆದ. ಒಂದು ಸಲ ಸ್ವಿಸ್ ವಿಂಗ್ ಆಟಗಾರ ಮೂಲೆಯಿಂದ ಗೆರೆಯ ಮೇಲೆ ಹಾರಿ ಬಂದಾಗ ವೋಲ್ಫ್ ಎರಡು ಹೆಜ್ಜೆ ಮುಂದೆ ಸರಿದು, ತನ್ನ ಬಲಗಾಲಿನ ಪಕ್ಕ, ಕೆಳಗೆ, ಒಂದು ತಟ್ಟೆಯಷ್ಟು ಜಾಗವನ್ನು ಖಾಲಿ ಬಿಟ್ಟ. ಅವನ ಬೆನ್ನ ಹಿಂದಿದ್ದ ನನಗೆ ಆ ಖಾಲಿ ಕಂಡಿತು, ಎದುರಿನಿಂದ ಬಂದವನಿಗೂ ಅದೇ ಕಂಡಿರಬೇಕು. ಚೆಂಡು ಅಲ್ಲಿಗೇ ಬಂತು. ಬರುವ ಮೊದಲೇ ಕಾಲು ಅಲ್ಲಿತ್ತು. ತೆರೆದಿಟ್ಟ ಬಾಗಿಲು ಬೋನಾಗಿತ್ತು ಎಂಬುದು ನನಗೂ ಎಸೆದವನಿಗೂ ಬಹುಶಃ ಒಂದೇ ಕ್ಷಣದಲ್ಲಿ ಅರ್ಥವಾಯಿತು. ನಿರೂಪಕ "ಆಂಡ್ರೆಯಾಸ್" ಎಂದ. ಈ ಸಲ ಉಳಿದರ್ಧ ನನಗೂ ಗೊತ್ತಿತ್ತು.

ಪಂದ್ಯ 27–14ಕ್ಕೆ ಮುಗಿಯಿತು. ಹ್ಯಾಂಡ್‌ಬಾಲ್‌ನಲ್ಲಿ ಅರವತ್ತು ನಿಮಿಷಕ್ಕೆ 14 ಗೋಲು ಎಂದರೆ ಬರಗಾಲ. 68 ಗೋಲುಗಳ ಮೊದಲ ಪಂದ್ಯಕ್ಕಿಂತ 41 ಗೋಲುಗಳ ಈ ಪಂದ್ಯವೇ ನನಗೆ ಹೆಚ್ಚು ಹಿಡಿಸಿತು. ಗೋಲುಗಳ ಎಣಿಕೆಯಿಂದ ಈ ಆಟವನ್ನು ಅಳೆಯುವವರು ಏಕಪಕ್ಷೀಯ ಪಂದ್ಯ ಎಂದು ಮೂಗು ಮುರಿಯಬಹುದು, ನಾನು ಒಪ್ಪುವುದಿಲ್ಲ. ಆದರೆ ಕೊನೆಯ ಹತ್ತು ನಿಮಿಷ ನನಗೆ ಸ್ವಲ್ಪ ಮುಜುಗರವಾದದ್ದು ನಿಜ. ಯಾವ ಪಕ್ಷವೂ ಇಲ್ಲದೆ ಬಂದವನು ನಾನು. ಸುತ್ತಲಿನ ಸದ್ದಿನೊಂದಿಗೆ ಕೊಚ್ಚಿಹೋಗಿ, ಸ್ವಿಸ್ ಆಟಗಾರ ಏಳು ಮೀಟರ್ ಎಸೆತಕ್ಕೆ, ಅಂದರೆ ಈ ಆಟದ ಪೆನಾಲ್ಟಿಗೆ, ನಿಂತಾಗ ಎಲ್ಲರಂತೆ ನಾನೂ ಶಿಳ್ಳೆ ಹಾಕಿಬಿಟ್ಟೆ. ಎರಡು ಸಾಲು ಮುಂದೆ ಕೆಂಪು ಟೀ ಶರ್ಟು ತೊಟ್ಟ ಒಂದು ಸ್ವಿಸ್ ಕುಟುಂಬ ಕುಳಿತಿತ್ತು. ಅದರ ಚಿಕ್ಕ ಹುಡುಗ ಹಿಂತಿರುಗಿ ಶಿಳ್ಳೆ ಬಂದ ದಿಕ್ಕನ್ನು ನೋಡಿದ. ಜರ್ಮನ್ನರು ಶಿಳ್ಳೆ ಹಾಕಿದ್ದಕ್ಕೆ ಅವನಿಗೆ ಅಚ್ಚರಿ ಇದ್ದಿರಲಾರದು. ನನ್ನನ್ನು ಕಂಡು, ನೀನು ಏಕೆ, ಎಂಬಂತೆ ನೋಡಿದ. ಉತ್ತರವಿರಲಿಲ್ಲ. ಮುಂದಿನ ಸ್ವಿಸ್ ಗೋಲಿಗೆ ರಟ್ಟು ಬಡಿದು ಪ್ರಾಯಶ್ಚಿತ್ತ ಮಾಡಿಕೊಂಡೆ, ಹಿರಿಯರು ಅದನ್ನು ಗಮನಿಸದವರಂತೆ ಬೇರೆಡೆ ನೋಡಿದರು.

ಹೊರಬರುವಾಗ ಹತ್ತೂ ಕಾಲು ದಾಟಿತ್ತು. ಟ್ರಾಮ್ ನಿಲ್ದಾಣದ ಸಾಲು ಕ್ರೀಡಾಂಗಣದ ಮೆಟ್ಟಿಲವರೆಗೂ ಹಬ್ಬಿತ್ತು; ದೂರದ ಊರುಗಳಿಂದ ಬಂದವರು ಮುಷ್ಕರದ ರಾತ್ರಿ ಮನೆ ಸೇರುವ ಬಗೆಯನ್ನು ಜೋರಾಗಿ ಚರ್ಚಿಸುತ್ತಿದ್ದರು. ಹಿರಿಯರು ಕಾರಿನಲ್ಲಿ ಬಂದಿದ್ದರು. ಬೀಳ್ಕೊಡುವಾಗ, ಮುಂದಿನ ಸಲ ಐನೂರು ಜನರ ಸಣ್ಣ ಹಾಲ್ ಒಂದರಲ್ಲಿ ನೋಡಿ, ಅಲ್ಲಿ ಮೂಳೆಗೆ ಮೂಳೆ ತಾಗುವ ಸದ್ದು ಕೇಳುತ್ತದೆ ಎಂದರು. ಮೊಮ್ಮಗಳು ನನ್ನ ಕೈಯಲ್ಲಿದ್ದ ರಟ್ಟನ್ನು ತನ್ನ ಸಂಗ್ರಹಕ್ಕೆ ಕೇಳಿ ಪಡೆದುಕೊಂಡಳು.

ಜರ್ಮನಿ ಆ ಟೂರ್ನಿಯಲ್ಲಿ ಕೊನೆಗೆ ನಾಲ್ಕನೆಯದಾಯಿತು. ಜನವರಿ 28ರಂದು ಕಲೋನ್‌ನಲ್ಲಿ ನಡೆದ ಫೈನಲ್‌ನಲ್ಲಿ ಫ್ರಾನ್ಸ್ ಹೆಚ್ಚುವರಿ ಅವಧಿಯಲ್ಲಿ ಡೆನ್ಮಾರ್ಕನ್ನು 33–31ರಿಂದ ಸೋಲಿಸಿತು. ಆ ಹೊತ್ತಿಗೆ ನಾನು ಮನೆಗೆ ಮರಳಿದ್ದೆ, ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಬಹಳ ಜನ ಕೊಳ್ಳಲು ಬಯಸುವ ಜಾಗದಲ್ಲಿ, ಅಂಗಣದ ನಟ್ಟನಡುವೆ, ಬದಿಯಲ್ಲಿ ಕ್ಯಾಮೆರಾ ಇತ್ತು. ಚೆಂಡು ಸ್ಪಷ್ಟವಾಗಿ ಕಾಣುತ್ತಿತ್ತು, ಮುಖಗಳು ಕಾಣುತ್ತಿದ್ದವು, ಬೆವರು ಕಾಣುತ್ತಿತ್ತು. ಗೆರೆಯ ಮೇಲೆ ನಿಂತವರು ಮಾತ್ರ ಒಬ್ಬರ ಹಿಂದೊಬ್ಬರು ಸೇರಿ ಒಂದು ಗುಂಪಾಗಿ ಹೋಗಿದ್ದರು. ಪಿವಟ್ ಎಲ್ಲಿದ್ದಾನೆ, ಯಾವ ಸಂದು ತೆರೆಯುತ್ತಿದೆ ಎಂಬುದು ಎಷ್ಟು ದಿಟ್ಟಿಸಿದರೂ ತಿಳಿಯಲಿಲ್ಲ. ಎರಡು ಮೂರು ಸಲ ನಾನು ಪರದೆಯ ಬದಿಗೆ ವಾಲಿ, ಗೋಲಿನ ಹಿಂದಿನಿಂದ ಇಣುಕಲು ನೋಡಿದೆ.